ದಿನ್ನೆಯ ಮಣ್ಣೂ ಕಬ್ಬಿನ ರವದಿಯೂ

ಜಂಬವನ್ನೇನು ಮನುಷ್ಯರಿಗೇ ಗುತ್ತಿಗೆ ಕೊಟ್ಟಿದ್ದಾರೆಯೇ? ದಿನ್ನೆ ಹೊಲದ ಮಣ್ಣಿಗೂ ಅದಿತ್ತು. ಒಡೆಯ ಕಸಕಡ್ಡಿಯನ್ನೆಲ್ಲ ಸುಟ್ಟು ಅವಳನ್ನು ಅಂಗಳದಷ್ಟು ಚೊಕ್ಕಟವಾಗಿ ಇಟ್ಟಿದ್ದ. ಈ ಸಲ ಅವಳ ಮಡಿಲಲ್ಲಿ ಒಂದು ಜೋಳದ ಕಾಳು ಮಲಗಿತ್ತು.

ಕೊಯ್ಲಿನ ಮೇಲೆ ಹಚ್ಚಿದ ಬೆಂಕಿಯಿಂದ ತಪ್ಪಿಸಿಕೊಂಡ ರವದಿ, ಅಂದರೆ ಕಬ್ಬಿನ ಒಣ ಎಲೆ, ಪಕ್ಕದ ಹೊಲದಿಂದ ಗಾಳಿಗೆ ಹಾರಿ ಬಂದಳು.

“ತಂಗೀ, ನಿನ್ನ ಮ್ಯಾಲ ಒಂದೀಟು ಒರಗಲೇನ?”

“ಒಲಿಗೆ ಹೋಗೂ ಕಸ ನೀ! ನೋಡಿದವರು ಏನಂದಾರು? ಮುಂದ ನಡಿ.”

“ನಡೀತೀನಿ. ಹೋದ ಮಳಿಗಾಲದಾಗ ನಿನ್ನ ಮಡಿಲಾಗಿದ್ದ ಕಾಳು ಎಲ್ಲೈತಿ?”

ಮಣ್ಣಿನ ಜಂಬ ಅಲ್ಲೇ ಇಳಿಯಿತು. ಆ ಕಾಳನ್ನು ಮಳೆ ಅವಳ ಮೈಯ ಸಮೇತ ಕಿತ್ತು ಹಳ್ಳಕ್ಕೆ ಒಯ್ದಿತ್ತು.

“ಬಾ ಅಕ್ಕಾ,” ಎಂದಳು ಮೆಲ್ಲಗೆ. “ನಿನ್ನ ಬಳಗಾನೂ ಕರಿ.”

ಬಳಗವೆಲ್ಲ ಬಂದು ದಿನ್ನೆಯ ತುಂಬ ಹಾಸಿಕೊಂಡಿತು.

ಸಂಜೆಗೆ ಮಳೆಹನಿ ಆರ್ಭಟಿಸುತ್ತ ಧುಮುಕಿತು. “ಸರೀರಿ! ಮುಗಿಲಿಂದ ಬಂದೀನಿ, ಎಲ್ಲಾರಿಗೂ ಹಳ್ಳ ತೋರಸ್ತೀನಿ!”

ರವದಿ ಆ ಏಟಿಗೆ ಬೆನ್ನು ಕೊಟ್ಟು ಹೇಳಿದಳು: “ದಣಿದೀ ತಮ್ಮಾ. ಮೆಲ್ಲಕ ಇಳಿ, ಒಳಗ ಕೂಸು ಮಲಗೈತಿ.”

ಹನಿಗೆ ನಾಚಿಕೆಯಾಯಿತು. ಬೆಕ್ಕಿನ ಹೆಜ್ಜೆಯಿಟ್ಟು ಇಳಿದು ಕಾಳಿಗೆ ನೀರುಣಿಸಿತು.

ಮೊಳಕೆ ತಲೆ ಎತ್ತುವ ಹೊತ್ತಿಗೆ ರವದಿಯ ಅಂಚು ಕೊಳೆತು, ಮಣ್ಣಿನಲ್ಲಿ ಬೆರೆತು, ಆ ಮಣ್ಣನ್ನೇ ಬಿಗಿಯಾಗಿ ಹಿಡಿದುಕೊಂಡಿತ್ತು.

“ಅವ್ವಾ, ಮ್ಯಾಲ ಏನಿದು ಕಸ?” ಎಂದಿತು ಮೊಳಕೆ.

“ಕಸ ಅನಬ್ಯಾಡ ನನ್ನಪ್ಪಾ,” ಎಂದಳು ಮಣ್ಣು. “ನಿಮ್ಮ ದೊಡ್ಡವ್ವ ಆಕಿ. ಆಕೀನ್ನ ಬದಿಗೆ ಸರಸಬ್ಯಾಡ, ಬಗಲಾಗಿಂದ ಎದ್ದು ಬಾ.”