ಗುಜರಿ ಕೇಳಿದ ಸಾಹೇಬರು

ನಮ್ಮ ಬಸ್ ವರ್ಕ್‌ಶಾಪಿಗೆ ತ್ರೀಡಿ ಪ್ರಿಂಟರ್ ಬಂತು. ಆಪರೇಟರ್ ಜವರಪ್ಪ ಅದರಲ್ಲಿ ಹಳೇ ಬಸ್ಸುಗಳ ಹಿಡಿಕೆ, ಸ್ವಿಚ್ಚಿನ ಗುಬುಟು ಮಾಡುತ್ತಿದ್ದ. ಸ್ಟೋರ್ಸ್ ಸಾಹೇಬರು ತಪಾಸಣೆಗೆ ಬಂದರು.

"ಕೆತ್ತಿದಾಗ ಬಿದ್ದ ಗುಜರಿ ಎಲ್ಲಿ?"

"ಇದು ಲೇತ್ ಮಿಷನ್ನಿನ ಹಾಗೆ ಕಬ್ಬಿಣ ಕೆತ್ತಲ್ಲ ಸಾರ್. ಪ್ಲಾಸ್ಟಿಕ್ ದಾರ ಕರಗಿಸಿ ಪದರದ ಮೇಲೆ ಪದರ ಇಡುತ್ತೆ. ಗುಜರಿ ಬೀಳಲ್ಲ."

ಸಾಹೇಬರಿಗೆ ಮೂವತ್ತು ವರ್ಷದ ಸರ್ವೀಸು. ಹಾಗಾಗಿ ಹೊಸದೇನನ್ನೂ ತಿಳಿಯಬೇಕಾದ ಅಗತ್ಯವಿರಲಿಲ್ಲ.

"ಮಾರಿಕೊಂಡಿದ್ದೀಯ! ಶನಿವಾರದೊಳಗೆ ಎರಡು ಕೆಜಿ ಗುಜರಿ ತೋರಿಸು. ಇಲ್ಲದಿದ್ದರೆ ಸಸ್ಪೆಂಡ್."

ಜವರಪ್ಪ ಪಕ್ಕದ ಲೇತಿನ ಹತ್ತಿರ ಹೋದ. ಅದರಡಿ ಗುಜರಿಯಾಗಿ ಬಿದ್ದಿದ್ದ ಕಬ್ಬಿಣದ ಸುರುಳಿಯೊಂದನ್ನು ಎತ್ತಿಕೊಂಡ. ಅದರ ಅಳತೆ ತೆಗೆದು, ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ, ಪ್ರಿಂಟರಿಗೆ ಕೊಟ್ಟ. ಹೊಚ್ಚ ಹೊಸ ಗುಜರಿ ಪದರ ಪದರವಾಗಿ ಏಳತೊಡಗಿತು.

ಗುರುವಾರ ಸಾಹೇಬರ ಟೇಬಲ್ ಫ್ಯಾನಿನ ರೆಕ್ಕೆ ಮುರಿಯಿತು. ಬೆವರೊರೆಸಿಕೊಳ್ಳುತ್ತ, ಮುರಿದ ರೆಕ್ಕೆ ಹಿಡಿದು ಬಂದರು.

"ಇಂಥದ್ದೊಂದು ಈಗಲೇ ಪ್ರಿಂಟ್ ಮಾಡು!"

"ಶನಿವಾರದವರೆಗೆ ಮಿಷನ್ ಖಾಲಿ ಇಲ್ಲ ಸಾರ್. ನಿಮ್ಮ ಗುಜರಿ ತಯಾರಾಗುತ್ತಿದೆ."

ಸಾಹೇಬರು ಮಿಷನ್ನಿಗೆ ಬಗ್ಗಿ ನೋಡಿದರು. ಮುಖ ಕೆಂಪಾಯಿತು.

"ನಿಲ್ಲಿಸಯ್ಯಾ ಅದನ್ನ!"

ಜವರಪ್ಪ ನಿಲ್ಲಿಸಿದ. ಅರ್ಧಂಬರ್ಧ ಸುರುಳಿಯನ್ನು ಕಿತ್ತು, ಎರಡೂ ಕೈಯಲ್ಲಿ ಸಾಹೇಬರಿಗೆ ಒಪ್ಪಿಸಿದ.

"ಈಗ ಇದು ನಿಜವಾಗಿ ಗುಜರಿ ಆಯಿತು ಸಾರ್. ತೂಕ ಹಾಕಿಸಿಕೊಳ್ಳಿ."