ಭಟ್ಟಿಯ ಹಿಂದಿನ ಮನೆ

ಬೇಕರಿಯ ಭಟ್ಟಿಗೆ ಅಂಟಿಕೊಂಡ ಗೋಡೆಯ ಬಿರುಕಿನಲ್ಲಿ ದುಂಡಪ್ಪನೆಂಬ ಗಂಡಿಲಿ ವಾಸವಾಗಿದ್ದ. ಇಡೀ ಓಣಿಯಲ್ಲಿ ಅಷ್ಟು ಬೆಚ್ಚನೆಯ ಮನೆ ಇನ್ನೊಂದಿಲ್ಲವೆಂದು ಅವನಿಗೆ ಹಮ್ಮು. ಅವನ ಹಾಡಿಗೆ ಮನಸೋತು ನೀಲವ್ವನೆಂಬ ಹೆಣ್ಣಿಲಿ ಅವನನ್ನು ಕಟ್ಟಿಕೊಂಡಳು. ಇಬ್ಬರಲ್ಲಿ ಪ್ರೀತಿಗೇನೂ ಕೊರತೆಯಿರಲಿಲ್ಲ. ಮರಿ ಮಾತ್ರ ಆಗಲಿಲ್ಲ.

"ಇಲ್ಲಿ ಬಹಳ ಸೆಖೆ. ಹಿತ್ತಲ ಸೌದೆ ರಾಶಿಯಲ್ಲಿ ಹೋಗಿ ಇರೋಣ ಬನ್ನಿ," ಎಂದಳು ನೀಲವ್ವ.

"ಬಂಜೆಯಾದವಳು ನನ್ನ ಮನೆಯಲ್ಲಿ ಕೊಂಕು ಹುಡುಕುತ್ತೀಯಾ? ನೀನೊಬ್ಬಳೇ ಹೋಗು!" ಎಂದು ದುಂಡಪ್ಪ ಅವಳನ್ನು ಹೊರಗಟ್ಟಿದ.

ಕೆಲವು ದಿನ ಕಳೆದ ಮೇಲೆ ಭಟ್ಟಿಗೆ ಹೇಳಿದ: "ಇನ್ನೊಬ್ಬಳನ್ನು ತರುತ್ತೇನೆ. ಮನೆ ತುಂಬ ಮರಿಗಳಾಗುತ್ತವೆ, ನೋಡುತ್ತಿರು."

"ಎಷ್ಟು ಜನರನ್ನು ತಂದರೂ ಅಷ್ಟೇ," ಎಂದಿತು ಭಟ್ಟಿ. "ನನ್ನ ಕಾವು ಹಿಟ್ಟನ್ನು ಉಬ್ಬಿಸುತ್ತದೆ, ಗಂಡಿಲಿಯ ಬೀಜವನ್ನು ಕೆಡಿಸುತ್ತದೆ. ನಿನಗಿಂತ ಮುಂಚೆ ಇಲ್ಲಿದ್ದ ಗಂಡುಗಳಿಗೂ ಮರಿಯಾಗಲಿಲ್ಲ. ಅವಳ ಮಾತು ಕೇಳಿ ತಂಪಿಗೆ ಹೋಗಿದ್ದರೆ ನೀನು ತಂದೆಯಾಗುತ್ತಿದ್ದೆ."

"ಇದನ್ನು ಮೊದಲೇ ಏಕೆ ಹೇಳಲಿಲ್ಲ?"

"ತಪ್ಪು ಯಾರದೆಂದು ನೀನು ಯಾವತ್ತಾದರೂ ಕೇಳಿದೆಯಾ?"

ದುಂಡಪ್ಪ ಎದ್ದೆನೋ ಬಿದ್ದೆನೋ ಎಂದು ಹಿತ್ತಲಿಗೆ ಓಡಿದ. ಸೌದೆ ರಾಶಿಯ ಮೇಲೆ ಬೆಕ್ಕು ಮೀಸೆ ನೆಕ್ಕುತ್ತ ಕುಳಿತಿತ್ತು. ಅದು ಎದ್ದು ಹೋಗುವವರೆಗೂ ಉಸಿರು ಬಿಗಿಹಿಡಿದು ಕಾದು, ಒಳಗೆ ನುಸುಳಿದ. ನೀಲವ್ವ ಇರಲಿಲ್ಲ. ಗೋಣಿಯ ನಾರು ತಂದು ಅವಳು ಕಟ್ಟಿದ ಗೂಡು ಇತ್ತು. ಅದರ ನಡುವೆ ಮರಿಗಳಿಗೆಂದು ಮೆತ್ತನೆಯ ಪುಟ್ಟ ಗುಳಿ, ಅದರ ಪಕ್ಕದಲ್ಲಿ ಇನ್ನೊಂದು ದೊಡ್ಡ ಗುಳಿ. ದುಂಡಪ್ಪ ಅದರಲ್ಲಿ ಮಲಗಿದ. ಅಳತೆ ಅವನ ಮೈಗೆ ಸರಿಯಾಗಿತ್ತು. ಗೂಡು ತಣ್ಣಗಿತ್ತು.