ಕಟ್ಟಿದ ತೊಟ್ಟಿಲು

"ಕೂಸು ಬರುವ ಮೊದಲೇ ಮನೆಗೆ ಬೇಕಾದದ್ದನ್ನೆಲ್ಲ ತಂದಿಟ್ಟುಕೊಳ್ಳುವುದು ತಪ್ಪೇ, ಗುರುಗಳೇ?"

ಕೇಳಿದವನು ಚನ್ನವೀರ. ಹತ್ತು ವರ್ಷದಿಂದ ಮಠಕ್ಕೆ ನಡೆದುಕೊಳ್ಳುತ್ತಿದ್ದ ಶಿಷ್ಯ. ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದ. ಅವನ ಹೆಂಡತಿಗೆ ಆಗ ಎಂಟು ತಿಂಗಳು ತುಂಬಿತ್ತು.

"ಏನೇನು ತಂದಿಟ್ಟಿದ್ದೀ?" ಎಂದು ಗುರುಗಳು ಕೇಳಿದರು.

"ಒಣಶುಂಠಿ, ಬೆಲ್ಲ, ಕೊಬ್ಬರಿ, ಅಂಟು, ಹರಳೆಣ್ಣೆ. ಬಾಣಂತಿಯ ನೀರೊಲೆಗೆ ಮೂರು ತಿಂಗಳಿಗಾಗುವಷ್ಟು ಸೌದೆ. ಈ ಸಲ ಸಂತೆಗೆ ಬಂದ ತುಪ್ಪವನ್ನೆಲ್ಲ ನಾನೇ ಹಿಡಿದುಕೊಂಡು ಬಂದೆ. ಅಟ್ಟದಲ್ಲಿ ಕಾಲಿಡಲು ಜಾಗವಿಲ್ಲ."

"ಮತ್ತೇನು, ಗೆದ್ದೆಯಲ್ಲ."

"ಗೆದ್ದ ಹಾಗೆ ಅನ್ನಿಸುತ್ತಿಲ್ಲ. ಅಟ್ಟ ಹತ್ತಿದಾಗಲೆಲ್ಲ ಒಂದು ಥರ ನಾಚಿಕೆಯಾಗುತ್ತದೆ. ಯಾಕೆ ಎಂದು ತಿಳಿಯುತ್ತಿಲ್ಲ."

"ತರುವ ಮೊದಲು ಕೇಳಲಿಲ್ಲ, ತಂದಮೇಲೆ ಕೇಳುತ್ತಿದ್ದೀ. ಇರಲಿ, ಕೂತುಕೋ. ನಡುವೆ ಬಾಯಿ ಹಾಕಬೇಡ," ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆಯಲ್ಲಿ ವ್ಯಾಪಾರಿ ಬಂದ ಕೂಡಲೇ ನೀವೆಲ್ಲ ಅವನನ್ನು ಕಳ್ಳನನ್ನಾಗಿ ಮಾಡಿಬಿಡುತ್ತೀರಿ. ಇವನು ತೂಕದಲ್ಲಿ ಮೋಸ ಮಾಡಿದವನಲ್ಲ, ಮನೆಗೆ ಬಂದವರನ್ನು ಹಸಿದು ಕಳಿಸಿದವನಲ್ಲ. ಹೆಂಡತಿಯೆಂದರೆ ಅವನಿಗೆ ಜೀವ. ಅವಳ ಮೊದಲ ಕೂಸು ತವರಿನಲ್ಲಿ ಹುಟ್ಟಿ ಒಂಬತ್ತನೆಯ ದಿನಕ್ಕೆ ತೀರಿಕೊಂಡಿತ್ತು. ಐದು ವರ್ಷದ ಮೇಲೆ ಅವಳು ಮತ್ತೆ ಬಸುರಿಯಾದಳು. ಆ ಸುದ್ದಿ ಕೇಳಿದ ದಿನವೇ ಅವನಿಗೆ ಹೆದರಿಕೆ ಹಿಡಿಯಿತು.

ಹೆದರಿದವನು ಏನು ಮಾಡುತ್ತಾನೆ? ನಿನ್ನ ಹಾಗೆ ಅಟ್ಟ ತುಂಬಿಸುತ್ತಾನೆ. ಒಂದು ವಾರ ಬೆಲ್ಲ ತಂದ, ಇನ್ನೊಂದು ವಾರ ಓಮ, ಬಜೆ, ಸಾಂಬ್ರಾಣಿ ತಂದ. ಹಂಡೆ ಇದ್ದರೂ ಇನ್ನೊಂದು ಹಂಡೆ ತಂದ. ಹೆಂಡತಿ ನಗುತ್ತಿದ್ದಳು. "ನಾನು ಹೆರುವುದು ಒಂದೇ ಕೂಸು. ನೀವು ಪಾಳ್ಯಕ್ಕೆ ಪಾಳ್ಯವೇ ಬರುವ ಹಾಗೆ ತರುತ್ತಿದ್ದೀರಿ," ಎನ್ನುತ್ತಿದ್ದಳು. ಅವನು ನಗುತ್ತಿರಲಿಲ್ಲ. ಇನ್ನೇನು ಬಿಟ್ಟುಹೋಗಿದೆ ಎಂದು ಬೆರಳು ಮಡಿಸುತ್ತ ಕೂರುತ್ತಿದ್ದ.

ಬಿಟ್ಟುಹೋದದ್ದು ಒಂದಿತ್ತು. ಅವನಿದ್ದ ಓಣಿಯಲ್ಲಿ ಸಾಗುವಾನಿಯ ಒಂದು ತೊಟ್ಟಿಲಿತ್ತು. ಯಾರ ಸ್ವಂತದ್ದೂ ಅಲ್ಲ, ಓಣಿಯದು. ಯಾವ ಮನೆಯಲ್ಲಿ ಕೂಸು ಹುಟ್ಟಿತೋ ಆ ಮನೆಗೆ ಹೋಗುತ್ತಿತ್ತು. ಆ ಕೂಸು ಅಂಬೆಗಾಲಿಡಲು ಕಲಿತ ಮೇಲೆ ಅಲ್ಲೇ ಮೂಲೆ ಸೇರಿ ಮುಂದಿನ ಕೂಸಿಗೆ ಕಾಯುತ್ತಿತ್ತು. ಅದರಲ್ಲಿ ಮಲಗಿದ ಯಾವ ಕೂಸೂ ಕೈಬಿಟ್ಟು ಹೋದದ್ದಿಲ್ಲ ಎಂದು ಓಣಿಯವರ ನಂಬಿಕೆ. ನಂಬಿಕೆ ನಿಜವೋ ಸುಳ್ಳೋ ನನ್ನನ್ನು ಕೇಳಬೇಡ. ಅವರು ನಂಬಿದ್ದರು, ಅಷ್ಟೇ. ಮೊದಲ ಕೂಸನ್ನು ಈ ತೊಟ್ಟಿಲಲ್ಲಿ ಮಲಗಿಸಿದ್ದರೆ ಉಳಿಯುತ್ತಿತ್ತು ಎಂಬ ಕೊರಗು ಆ ವ್ಯಾಪಾರಿಯ ಎದೆಯಲ್ಲಿ ಐದು ವರ್ಷದಿಂದ ಕೂತಿತ್ತು. ಅದಕ್ಕೇ ಈ ಸಲ ಅವಳನ್ನು ತವರಿಗೆ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದ.

ಆ ತೊಟ್ಟಿಲಿಗೆ ಇನ್ನೊಂದು ಕಟ್ಟುಪಾಡೂ ಇತ್ತು. ಬಸುರಿಯ ಮನೆಯ ತೊಲೆಗೆ ಒಮ್ಮೆ ಕಟ್ಟಿದರೆ, ಕೂಸು ಮಲಗುವ ಮೊದಲು ಅದನ್ನು ಬಿಚ್ಚಬಾರದು. ಬಿಚ್ಚಿದರೆ ಹೊಟ್ಟೆಯಲ್ಲಿರುವುದಕ್ಕೆ ಒಳ್ಳೆಯದಲ್ಲ ಎನ್ನುತ್ತಿದ್ದರು. ಆದ್ದರಿಂದಲೇ ಯಾರೂ ಮೊದಲೇ ಕಟ್ಟುತ್ತಿರಲಿಲ್ಲ. ಹುಟ್ಟಿದ ಕೂಸಿನ ಅಳು ಕೇಳಿದ ಮೇಲೆ ಗಂಡಸರು ಹೋಗಿ ಹೊತ್ತು ತರುತ್ತಿದ್ದರು.

ವ್ಯಾಪಾರಿಗೆ ಅಷ್ಟು ದಿನ ತಡೆಯಲಾಗಲಿಲ್ಲ. ಏಳನೆಯ ತಿಂಗಳಲ್ಲೇ ತೊಟ್ಟಿಲಿದ್ದ ಮನೆಗೆ ಹೋದ. ಆ ಮನೆಯ ಮುದುಕಿ, "ಇನ್ನೂ ದಿನ ಇದೆಯಲ್ಲಪ್ಪ," ಎಂದಳು.

"ಇರಲಿ ಅಜ್ಜಿ. ನಿಮ್ಮ ಮನೆಯಲ್ಲಿ ಕಾಯುವ ಬದಲು ನಮ್ಮ ಮನೆಯಲ್ಲಿ ಕಾಯುತ್ತದೆ," ಎಂದ.

ಒಂದು ಕೂಸನ್ನು ಮಣ್ಣಿಗೆ ಕೊಟ್ಟವನಿಗೆ ಇಲ್ಲ ಎನ್ನುವುದು ಹೇಗೆ? ಮುದುಕಿ ತೊಟ್ಟಿಲು ಕೊಟ್ಟಳು. ಅವನು ಹೊಸ ಹಗ್ಗ ತಂದು ತೊಟ್ಟಿಲನ್ನು ತನ್ನ ಪಡಸಾಲೆಯ ತೊಲೆಗೆ ಬಿಗಿದು ಕಟ್ಟಿದ. ಎಷ್ಟೋ ತಿಂಗಳ ಮೇಲೆ ಅವನಿಗೆ ಕಣ್ತುಂಬ ನಿದ್ದೆ ಬಂತು.

ಅದೇ ಓಣಿಯ ತುದಿಯಲ್ಲಿ ಸುಣ್ಣ ಸುಡುವವನೊಬ್ಬನ ಮನೆ ಇತ್ತು. ಒಂದೇ ಕೋಣೆ, ಮಣ್ಣಿನ ನೆಲ. ಮಂಚ ಗಿಂಚ ಏನೂ ಇರಲಿಲ್ಲ. ವ್ಯಾಪಾರಿ ದಿನಕ್ಕೆ ನಾಲ್ಕು ಸಲ ಆ ಮನೆಯ ಮುಂದೆ ಹಾದುಹೋಗುತ್ತಿದ್ದ. ತೊಟ್ಟಿಲು ಕಟ್ಟಿ ಒಂದು ತಿಂಗಳಾಗಿರಬೇಕು, ಸುಣ್ಣದವನ ಹೆಂಡತಿ ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಕೂಸು, ಅಂಗೈಯಷ್ಟು.

ಸೂಲಗಿತ್ತಿ ಕೂಸನ್ನು ಒರೆಸಿ ಸುತ್ತಿಕೊಟ್ಟು ಹೇಳಿದಳು. "ಇದನ್ನು ಸೀರೆಯ ಜೋಲಿಯಲ್ಲಿ ಹಾಕಬೇಡಿ. ಬಟ್ಟೆಯೊಳಗೆ ಮುದುಡಿಕೊಂಡರೆ ಉಸಿರು ಕಟ್ಟುತ್ತದೆ. ಹೋಗಿ ತೊಟ್ಟಿಲು ತಗೊಂಡು ಬನ್ನಿ."

ಸುಣ್ಣದವನು ಎದ್ದ. ಮಲಗಿದ್ದ ಹೆಂಡತಿ ಅವನ ಪಂಚೆಯ ಚುಂಗು ಹಿಡಿದಳು.

"ಎಲ್ಲಿಗೆ ಹೋಗ್ತೀರಿ? ಅದನ್ನ ಅವರ ಮನೆಯಲ್ಲಿ ಕಟ್ಟಿ ಆಗಿದೆ. ಮೊದಲೇ ಒಂದನ್ನ ಕಳಕೊಂಡವರು. ನಾವು ಹೋಗಿ ಬಿಚ್ಚಿಸಿಕೊಂಡು ಬಂದು, ನಾಳೆ ಆಯಮ್ಮನಿಗೆ ಏನಾದರೂ ಹೆಚ್ಚುಕಮ್ಮಿ ಆದರೆ? ಬೇಡ, ನಾವು ಹೇಗೋ ಮಾಡ್ಕೊಳ್ಳೋಣ."

ಅವನು ಕೂತುಬಿಟ್ಟ. ಮೊರದಲ್ಲಿ ಹಳೆಯ ಬಟ್ಟೆ ಹಾಸಿ ಕೂಸನ್ನು ನೆಲದ ಮೇಲೆಯೇ ಮಲಗಿಸಿದರು. ಹಲಗೆಯದೊಂದು ಪೆಟ್ಟಿಗೆ ಮಾಡಿಕೊಡಲು ಬಡಗಿಗೆ ಹೇಳಿದರು. ಬಡಗಿಗಳ ವಿಷಯ ನಿನಗೆ ಗೊತ್ತೇ ಇದೆ. ನಾಳೆ ಎಂದ, ನಾಡಿದ್ದು ಎಂದ. ಹನ್ನೆರಡು ದಿನ ಹೀಗೇ ಹೋಯಿತು.

ಹನ್ನೆರಡನೆಯ ದಿನ ಮಧ್ಯಾಹ್ನ ಸುಣ್ಣದವನು ಸುಣ್ಣ ಸುಡುವ ಗೂಡಿನ ಹತ್ತಿರ ಇದ್ದ. ಬಿಸಿನೀರು ಹುಯ್ಯಿಸಿಕೊಂಡ ಬಾಣಂತಿಗೆ ಜೋಂಪು ಹತ್ತಿತು. ಕೂಸು ಕಿಟ್ಟನೆ ಕಿರುಚಿದಾಗ ಎಚ್ಚರವಾಗಿ ನೋಡುತ್ತಾಳೆ, ಮೊರದಿಂದ ಇಲಿ ಇಳಿದು ಓಡುತ್ತಿದೆ. ಕೂಸಿನ ಎಡಗಿವಿಯ ಹಾಲೆಯ ಕೆಳಗಿನ ಅರ್ಧ ಇರಲಿಲ್ಲ.

ಸೂಲಗಿತ್ತಿ ಓಡಿ ಬಂದು ರಕ್ತ ನಿಲ್ಲಿಸಿದಳು, ಅರಿಸಿನ ಮೆತ್ತಿ ಕಟ್ಟಿದಳು. ಅಂದು ಅವಳು ವ್ಯಾಪಾರಿಯ ಹೆಂಡತಿಗೆ ಮೊದಲ ಸಲ ಎಣ್ಣೆ ನೀವಲು ಹೋಗುವ ದಿನ. ಸುಣ್ಣದವನ ಮನೆಯಿಂದ ನೇರ ವ್ಯಾಪಾರಿಯ ಮನೆಗೆ ಬಂದಳು. ಅವಳ ಸೆರಗಿನಲ್ಲಿ ರಕ್ತ ನೋಡಿ ವ್ಯಾಪಾರಿ ಗಾಬರಿಯಾಗಿ ಏನಾಯಿತು ಎಂದು ಕೇಳಿದ. ಅವಳು ಆದದ್ದನ್ನು ಆದ ಹಾಗೆ ಹೇಳಿದಳು.

"ಸುಣ್ಣದವನ ಹೆಂಡತಿಗೆ ಕೂಸಾಗಿದೆಯೇ?" ಎಂದ ಅವನು. "ಅವಳು ಬಸುರಿ ಎಂಬುದೇ ನನಗೆ ಗೊತ್ತಿರಲಿಲ್ಲ."

ಸೂಲಗಿತ್ತಿ ತೊಲೆಯ ಕಡೆ ನೋಡಿದಳು. ಅವನೂ ನೋಡಿದ. ಅಟ್ಟದಲ್ಲಿ ಹಿಡಿಸದೆ ಉಳಿದ ಕೊಬ್ಬರಿಯ ಚೀಲವೊಂದನ್ನು ಅವನೇ ಮೊನ್ನೆ ತೊಟ್ಟಿಲಲ್ಲಿ ಇಟ್ಟಿದ್ದ. ಚೀಲ ಅಲ್ಲಿ ಬೆಚ್ಚಗೆ ಮಲಗಿತ್ತು.

"ಒಂದು ಮಾತು ಕೇಳಬಾರದಿತ್ತೇ ಅವರು?" ಎಂದ.

"ಕೇಳಲು ಹೊರಟಿದ್ದರು. ಅವಳೇ ಬಿಡಲಿಲ್ಲ. ನಿಮ್ಮ ಕೂಸಿಗೆ ಏನಾದರೂ ಆದೀತು ಎಂದಳು."

ಒಳಗಿದ್ದ ಹೆಂಡತಿಗೆ ಇದೆಲ್ಲ ಕೇಳಿಸಿತ್ತು. ತುಂಬು ಬಸುರಿ, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ತೊಟ್ಟಿಲಿನಿಂದ ಕೊಬ್ಬರಿಯ ಚೀಲ ಎಳೆದು ಕೆಳಗೆ ಹಾಕಿದಳು. "ಬಿಚ್ಚಿ," ಎಂದಳು.

ಅವನು ಅಲುಗಲಿಲ್ಲ. "ನಮ್ಮ ಕೂಸು?" ಎಂದ.

"ಬಿಚ್ಚಿ ಅಂದೆನಲ್ಲ. ಇದು ಇಲ್ಲಿ ತೂಗುತ್ತಿರುವಾಗ ನಾನು ಈ ಮನೆಯಲ್ಲಿ ಹೆರಲಾರೆ."

ತಾನೇ ಬಿಗಿದ ಗಂಟು. ಬೇಗ ಬಿಚ್ಚಲಾಗಲಿಲ್ಲ. ಕೊನೆಗೆ ಕುಡುಗೋಲಿನಿಂದ ಹಗ್ಗ ಕೊಯ್ದ. ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ನಡುಮಧ್ಯಾಹ್ನದಲ್ಲಿ ಓಣಿಯುದ್ದಕ್ಕೂ ನಡೆದ. ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಯಾರೂ ಏನೂ ಅನ್ನಲಿಲ್ಲ. ಒಬ್ಬಳು ಉಗುಳಿದ್ದರೂ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ದಾರಿಯಲ್ಲಿ ಹೇಳಬೇಕಾದ ಮಾತನ್ನು ಕೂಡಿಸಿಕೊಳ್ಳುತ್ತ ಹೋದ. ತಪ್ಪಾಯಿತು ತಾಯಿ ಎನ್ನಬೇಕು, ಕಾಲು ಹಿಡಿಯಬೇಕು, ಅವಳು ಎಷ್ಟು ಬೈದರೂ ತಲೆ ಬಗ್ಗಿಸಿ ಕೇಳಬೇಕು ಎಂದುಕೊಂಡಿದ್ದ. ಸುಣ್ಣದವನ ಹೆಂಡತಿ ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಬಂದಳು. ತೊಟ್ಟಿಲು ನೋಡಿ ಅವಳ ಮುಖ ಬಿಳುಚಿತು.

"ಅಯ್ಯೋ, ಬಿಚ್ಚಿಬಿಟ್ಟಿರಾ ಅಣ್ಣ? ಅಕ್ಕ ಹುಷಾರಾಗಿದ್ದಾರಾ?"

ಕೂಡಿಸಿಕೊಂಡಿದ್ದ ಮಾತು ಒಂದೂ ಅವನ ಬಾಯಿಗೆ ಬರಲಿಲ್ಲ. ಹುಷಾರಾಗಿದ್ದಾಳೆ ಎಂದು ತಲೆಯಾಡಿಸಿದ. ತೊಟ್ಟಿಲು ಕಟ್ಟಿಕೊಟ್ಟು, ಕೂಸಿನ ಕಡೆ ಕಣ್ಣೆತ್ತಿ ನೋಡದೆ ಹೊರಟುಹೋದ. ಆ ಅಂಗೈಯಷ್ಟು ಕೂಸು ತೊಟ್ಟಿಲಲ್ಲಿ ಮೈ ಹಿಡಿಯಿತು, ಬದುಕಿತು. ವ್ಯಾಪಾರಿಯ ಹೆಂಡತಿಯೂ ದಿನ ತುಂಬಿ ಗಂಡು ಹೆತ್ತಳು. ಅದೂ ಉಳಿಯಿತು. ಅದಕ್ಕೆ ಕೊನೆಗೂ ತೊಟ್ಟಿಲೇ ಬೇಕಾಗಲಿಲ್ಲ. ಮಂಚದ ಮೇಲೆ ತಾಯಿಯ ಮಗ್ಗುಲಲ್ಲೇ ಬೆಳೆಯಿತು.

ಇಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ವರ್ಷ ತುಂಬಿದ ಮೇಲೆ ಸುಣ್ಣದವನ ಮಗಳಿಗೆ ಕಿವಿ ಚುಚ್ಚುವ ದಿನ ಗೊತ್ತಾಯಿತು. ವ್ಯಾಪಾರಿಗೂ ಕರೆ ಬಂತು. ಏನಾದರೂ ಮಾಡಿ ಮನಸ್ಸಿನ ಭಾರ ಇಳಿಸಿಕೊಳ್ಳಬೇಕೆಂದು ಒಂದು ವರ್ಷದಿಂದ ಒದ್ದಾಡುತ್ತಿದ್ದ. ಅಕ್ಕಸಾಲಿಗನಲ್ಲಿ ಒಂದು ಜೊತೆ ಚಿನ್ನದ ಓಲೆ ಮಾಡಿಸಿ ಕೊಂಡೊಯ್ದ. ಕೊಡುವ ಗಡಿಬಿಡಿಯಲ್ಲಿ ಅವನಿಗೆ ಇನ್ನೇನೂ ಹೊಳೆಯಲಿಲ್ಲ.

ತಾಯಿ ಓಲೆಗಳನ್ನು ಅಂಗೈಯಲ್ಲಿ ಹಾಕಿಕೊಂಡು ಸಂತೋಷದಿಂದ ನೋಡಿದಳು. ಆಮೇಲೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅವನ ಕೈಗೆ ವಾಪಸು ಕೊಟ್ಟಳು.

"ನಮ್ಮ ಹುಡುಗಿಗೆ ಒಂದು ಸಾಕು ಅಣ್ಣ. ಆ ಕಡೆ ಚುಚ್ಚೋಕೆ ಜಾಗ ಇಲ್ಲವಲ್ಲ. ಸುಮ್ಮನೆ ದಂಡ ಯಾಕೆ," ಎಂದಳು.

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೆ. ಅವನು ನೆಲ ನೋಡುತ್ತ ಎದ್ದ. ಒಂಟಿ ಓಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಗೆ ಬಂದ. ಹೆಂಡತಿಗೆ ತೋರಿಸಲು ಮುಖವಿಲ್ಲ, ಯಾರಿಗಾದರೂ ಕೊಡಲು ಮನಸ್ಸಿಲ್ಲ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಆ ತುಂಬಿದ ಮನೆಯಲ್ಲಿ ಸುತ್ತಿದ.

ಗುರುಗಳು ಹೇಳುವುದನ್ನು ನಿಲ್ಲಿಸಿ ಚೊಂಬಿನ ನೀರು ಕುಡಿದರು. ಚನ್ನವೀರನಿಗೆ ಆ ವ್ಯಾಪಾರಿಯ ಮೇಲೆ ಮರುಕ ಬಂದಿತ್ತು.

"ಅವನು ಬೇಕೆಂದು ಮಾಡಿದ್ದಲ್ಲವಲ್ಲ, ಗುರುಗಳೇ," ಎಂದ. "ಪಾಪ, ಸುಣ್ಣದವನ ಹೆಂಡತಿ ಬಸುರಿ ಎಂಬುದೇ ಅವನಿಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ, ನಿಜ," ಎಂದರು ಗುರುಗಳು. "ಅದಿರಲಿ, ನಿಮ್ಮ ಓಣಿಯಲ್ಲಿ ಈಗ ಇನ್ನು ಯಾರು ಬಸುರಿ?"

ಚನ್ನವೀರ ಬಾಯಿ ತೆರೆದ. ಒಂದು ಹೆಸರೂ ಬರಲಿಲ್ಲ.